ಚಳಿಗಾಲದ ರಜೆ, ಸುಗ್ಗಿಯ ರಸ್ತೆ

ಚಳಿಗಾಲದ ರಜೆಯ ದಿನಗಳಲ್ಲಿ ಮನೆಯಲ್ಲೂ ದಾರಿಯಲ್ಲೂ ಸುರಕ್ಷಿತವಾಗಿರುವುದು ಹೇಗೆ ಎಂಬುದು ಇವತ್ತಿನ ವಿಷಯ. ಇದೇ ಮಾತನ್ನು ಶ್ರೀನಗರದಲ್ಲೋ ಶಿಮ್ಲಾದಲ್ಲೋ ಆಡುವುದಾದರೆ ಹಿಮ, ಜಾರುವ ರಸ್ತೆ, ಮೈ ಕೊರೆಯುವ ಗಾಳಿ ಎಂದು ಶುರುಮಾಡಬಹುದಿತ್ತು. ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಡೆ ಚಳಿಗೆ ಅಂಥ ಪ್ರತಾಪವಿಲ್ಲ. ಒಂದು ಕಂಬಳಿಗೆ ಬಗ್ಗುವ ಚಳಿ ನಮ್ಮದು. ಆದರೆ ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗಿನ ಈ ಅವಧಿಯಲ್ಲಿ ಇಲ್ಲಿ ಏನೇನು ನಡೆಯುತ್ತದೆ ನೋಡಿ. ಭತ್ತದ ಕೊಯ್ಲು, ಮೆಕ್ಕೆಜೋಳ ಒಣಗಿಸುವ ಕೆಲಸ, ಅಡಿಕೆ ಕೊಯ್ದು ಸುಲಿದು ಬೇಯಿಸುವ ಕೆಲಸ, ಊರೂರಿನ ಹೋರಿ ಹಬ್ಬ, ಶಾಲೆಗಳ ಪ್ರವಾಸ, ಶಬರಿಮಲೆ ಯಾತ್ರೆಯ ವ್ಯಾನುಗಳು, ಬೆಂಗಳೂರಿನಿಂದ ರಜೆಗೆಂದು ಊರಿಗೆ ಬರುವವರ ಕಾರುಗಳು. ಒಬ್ಬರಿಗೆ ರಜೆಯಾದದ್ದು ಇನ್ನೊಬ್ಬರಿಗೆ ವರ್ಷದ ಅತಿ ದೊಡ್ಡ ದುಡಿಮೆ. ಇಬ್ಬರೂ ಓಡಾಡುವುದು ಅದೇ ಕಿರಿದಾದ ಡಾಂಬರು ರಸ್ತೆಯಲ್ಲಿ, ಇಬ್ಬರೂ ನೀರು ಕಾಯಿಸಿಕೊಳ್ಳುವುದು ಅದೇ ಬಚ್ಚಲಿನಲ್ಲಿ.

ನಾನು ವಾದಿಸಬೇಕೆಂದಿರುವುದು ಒಂದೇ ಸಂಗತಿಯನ್ನು. ಜಾಗ್ರತೆಯಿಂದಿರಿ ಎಂಬ ಸಲಹೆಯನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಬಾನುಲಿಯಿಂದಲೂ ಸಾಕಷ್ಟು ಸಲ ಕೇಳಿದ್ದೇವೆ. ಅದು ತಪ್ಪು ಸಲಹೆಯಲ್ಲ, ದುರ್ಬಲ ಸಲಹೆ. ಜಾಗ್ರತೆ ನಿಂತಿರುವುದು ಮನುಷ್ಯನ ಗಮನದ ಮೇಲೆ. ಅಡಿಕೆ ಒಲೆಯ ಮುಂದೆ ಅರ್ಧ ರಾತ್ರಿ ಕಳೆದವರಿಗೆ, ಮಳೆ ಬರುವುದರೊಳಗೆ ಜೋಳ ತುಂಬಬೇಕೆಂದು ಧಾವಂತದಲ್ಲಿರುವವರಿಗೆ, ಹನ್ನೆರಡು ವರ್ಷದ ಮಕ್ಕಳಿಗೆ, ಹಬ್ಬದ ಉಮೇದಿನಲ್ಲಿರುವ ಹುಡುಗರಿಗೆ ಈ ಕಾಲದಲ್ಲಿ ಕಡಿಮೆ ಬೀಳುವುದೇ ಗಮನ. ಆದ್ದರಿಂದ ಗಮನ ತಪ್ಪಿದಾಗಲೂ ಕಾಯುವಂಥ ಏರ್ಪಾಡನ್ನು ಮೊದಲೇ ಮಾಡಿಡಬೇಕು. ಅದಿಲ್ಲದೆ ಕೊಡುವ ಎಚ್ಚರಿಕೆ ಕೊಟ್ಟವರ ಸಮಾಧಾನಕ್ಕೆ ಮಾತ್ರ.

ಮೊದಲು ರಸ್ತೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ನಡೆದು 1,68,491 ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ಈ ಕೊನೆಯ ಅಂಕಿಯನ್ನು ನಮ್ಮ ಕಡೆಯ ಬೈಕುಗಳನ್ನು ನೆನೆದು ಕೇಳಬೇಕು. ಇಲ್ಲಿ ಹೆಲ್ಮೆಟ್ ಇದ್ದರೆ ಮುಂದಿನವನ ತಲೆಗೆ. ಹಿಂದೆ ಕುಳಿತ ಹೆಂಡತಿಗೆ ಸೆರಗು, ಟ್ಯಾಂಕಿನ ಮೇಲೆ ಕುಳಿತ ಮಗುವಿಗೆ ಉಣ್ಣೆ ಟೊಪ್ಪಿಗೆ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕೆಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುತ್ತದೆ. ಅದೇ ವರದಿಯ ಇನ್ನೆರಡು ಸಂಗತಿಗಳು ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ಅಲ್ಲಾಡಿಸುತ್ತವೆ. ಸುಮಾರು ಮೂರರಲ್ಲಿ ಎರಡು ಅಪಘಾತಗಳು ನಡೆದದ್ದು ತಿರುವಿನಲ್ಲಲ್ಲ, ನೇರ ರಸ್ತೆಯಲ್ಲಿ. ಅತಿ ಹೆಚ್ಚು ಅಪಘಾತಗಳಾದ ಹೊತ್ತು ನಡುರಾತ್ರಿಯೂ ಅಲ್ಲ, ಮಂಜು ಮುಸುಕಿದ ಬೆಳಗೂ ಅಲ್ಲ. ಸಂಜೆ ಆರರಿಂದ ಒಂಬತ್ತು. ಆ ಮೂರು ಗಂಟೆಗಳಲ್ಲೇ ದಿನದ ಐದರಲ್ಲೊಂದು ಪಾಲು ಅಪಘಾತಗಳು ಆಗಿಹೋಗುತ್ತವೆ.

ಚಳಿಗಾಲ ಬಂದು ಸೇರುವುದು ಈ ಹೊತ್ತಿಗೇ. ಜೂನ್ ಕೊನೆಯಲ್ಲಿ ನಮ್ಮ ಭಾಗದಲ್ಲಿ ಸೂರ್ಯ ಮುಳುಗುವಾಗ ಏಳು ಗಂಟೆಯ ಹತ್ತಿರ; ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಮುಳುಗಿರುತ್ತಾನೆ. ಅಂದರೆ ಕಚೇರಿ ಬಿಟ್ಟವರು, ಸಂತೆ ಮುಗಿಸಿದವರು, ಮೇಯ್ದು ಬರುವ ದನ, ಗದ್ದೆಯಿಂದ ಹುಲ್ಲು ಹೊತ್ತು ಬರುವ ಟ್ರ್ಯಾಕ್ಟರ್ ಎಲ್ಲರೂ ರಸ್ತೆಗೆ ಬರುವ ಗಳಿಗೆಗೆ ಬೆಳಕು ಒಂದು ಗಂಟೆ ಮೊದಲೇ ಎದ್ದುಹೋಗಿರುತ್ತದೆ. ರೈಲಿಲ್ಲದ ಈ ಎರಡು ತಾಲ್ಲೂಕುಗಳಲ್ಲಿ ಎಲ್ಲ ಸಂಚಾರವೂ ರಸ್ತೆಯ ಮೇಲೆಯೇ. ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ದಾರಿಯಲ್ಲಿ ಲಾರಿಯೂ ಒಂದೇ, ಸೈಕಲ್ಲೂ ಒಂದೇ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ 16 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಮುಂದೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಕೈ ಬ್ರೇಕಿನ ಮೇಲೆ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೂ 25 ಮೀಟರ್ ಅಲ್ಲೇ ಮುಗಿಯಿತು. ಗಾಡಿ ನಿಲ್ಲುವುದು ಆಮೇಲಿನ ಮಾತು. ಹಿಂದೀಪವಿಲ್ಲದ ಟ್ರೇಲರು ಮಬ್ಬಿನಲ್ಲಿ ಕಣ್ಣಿಗೆ ಬೀಳುವುದು ಅಷ್ಟು ಹತ್ತಿರ ಬಂದ ಮೇಲೆಯೇ. ಇಲ್ಲಿ ಸವಾರನಿಗೆ ಜಾಗ್ರತೆ ಹೇಳುವುದಕ್ಕಿಂತ ಟ್ರೇಲರಿನ ಹಿಂದೆ ಕೆಂಪು ಮಿಂಚುಪಟ್ಟಿ ಅಂಟಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ಒಮ್ಮೆ ಅಂಟಿಸಿದರೆ ಸಾಕು. ಟ್ರ್ಯಾಕ್ಟರಿನವನು ದಣಿದಿದ್ದರೂ ಸರಿ, ಬೈಕಿನವನು ಅವಸರದಲ್ಲಿದ್ದರೂ ಸರಿ, ಅದು ಹೊಳೆಯುತ್ತಲೇ ಇರುತ್ತದೆ.

ರಸ್ತೆಯಲ್ಲಿ ಧಾನ್ಯ ಹರಡುವ ವಿಷಯ ಇದಕ್ಕಿಂತ ಜಟಿಲ. ಶಿಕಾರಿಪುರದ ಕಡೆ ಮೆಕ್ಕೆಜೋಳದ ಕಾಲದಲ್ಲಿ ಅರ್ಧ ರಸ್ತೆ ಹಳದಿಯಾಗಿರುತ್ತದೆ. ಅಂಚಿಗೆ ಕಲ್ಲಿಟ್ಟಿರುತ್ತಾರೆ, ರಾತ್ರಿ ರಾಶಿ ಮಾಡಿ ಕಪ್ಪು ತಾಡಪಾಲು ಹೊದಿಸಿರುತ್ತಾರೆ. ಜೋಳದ ಕಾಳು ಟೈರಿನ ಕೆಳಗೆ ಉರುಳುತ್ತದೆ, ಬ್ರೇಕು ಹಿಡಿಯುವುದಿಲ್ಲ. ಕಪ್ಪು ರಸ್ತೆಯ ಮೇಲೆ ಕಪ್ಪು ತಾಡಪಾಲು, ಅದರ ಅಂಚಿಗೆ ಕಲ್ಲು. ಕತ್ತಲಲ್ಲಿ ಇದನ್ನು ಕಂಡು ತಪ್ಪಿಸಿಕೊಳ್ಳುವುದು ಜಾಗ್ರತೆಯ ಮಾತಲ್ಲ, ಅದೃಷ್ಟದ ಮಾತು. ಪೊಲೀಸರು ಬಂದು ಗದರಿಸಿ ಹೋಗುತ್ತಾರೆ, ಮರುದಿನ ಮತ್ತೆ ಜೋಳ. ಇದಕ್ಕೆ ರೈತರ ಉತ್ತರವೂ ನ್ಯಾಯವಾದದ್ದೇ: ಮತ್ತೆಲ್ಲಿ ಒಣಗಿಸಲಿ? ಹಿಂದೆ ಪ್ರತಿ ಮನೆಗೂ ಸಗಣಿ ಸಾರಿಸಿದ ಕಣವಿತ್ತು, ಮೇಟಿ ಇತ್ತು. ಹಿಸ್ಸೆಯಾಗುತ್ತ ಹಿಡುವಳಿ ಕಿರಿದಾಯಿತು, ಕಣವಿದ್ದ ಜಾಗಕ್ಕೆ ಅಡಿಕೆ ಸಸಿ ಬಂತು. ಒದ್ದೆ ಜೋಳಕ್ಕೆ ವ್ಯಾಪಾರಿ ದರ ಇಳಿಸುತ್ತಾನೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಕಾದ ಡಾಂಬರು ಎರಡು ದಿನದಲ್ಲಿ ಮಾಡುವ ಕೆಲಸವನ್ನು ಮಣ್ಣಿನ ಅಂಗಳ ನಾಲ್ಕು ದಿನಕ್ಕೂ ಮಾಡದು. ಆದ್ದರಿಂದ ರೈತ ರಸ್ತೆಗೆ ಬರುವುದು ಬೇಜವಾಬ್ದಾರಿಯಿಂದಲ್ಲ, ಜಾಗವಿಲ್ಲದ್ದರಿಂದ. ಈ ಆಕ್ಷೇಪಣೆಯನ್ನು ಒಪ್ಪಿಕೊಂಡರೆ ಮಾತ್ರ ಪರಿಹಾರ ಕಾಣುತ್ತದೆ. ಊರಿಗೊಂದು ಕಾಂಕ್ರೀಟು ಕಣ ಪಂಚಾಯಿತಿಯ ಕೆಲಸಗಳ ಪಟ್ಟಿಯಲ್ಲಿ ಚರಂಡಿಗಿಂತ ಕೆಳಗಿರಬೇಕಾದ ಕಾರಣವೇ ಇಲ್ಲ. ಅಲ್ಲಿಯವರೆಗೆ ಶಾಲೆಯ ಮೈದಾನ, ಸಂತೆ ಕಟ್ಟೆ, ದೇವಸ್ಥಾನದ ಅಂಗಳವನ್ನು ಸರದಿಯ ಮೇಲೆ ಕೊಡಬಹುದು. ಮೈದಾನಕ್ಕೆ ರಜೆಯ ದಿನಗಳಲ್ಲಿ ಹೇಗೂ ಕೆಲಸ ಕಡಿಮೆ. ಅದೂ ಆಗದ ಊರಿನಲ್ಲಿ ಕನಿಷ್ಠ ಸಂಜೆ ಐದಕ್ಕೆ ರಾಶಿಯೂ ಕಲ್ಲೂ ರಸ್ತೆಯಿಂದ ಇಳಿಯಬೇಕೆಂಬ ಕಟ್ಟನ್ನು ಊರಿನವರೇ ಮಾಡಿಕೊಳ್ಳಬಹುದು. ಪೊಲೀಸರ ಗದರಿಕೆಗಿಂತ ಪಕ್ಕದ ಮನೆಯವರ ಕಟ್ಟು ಹೆಚ್ಚು ದಿನ ಉಳಿಯುತ್ತದೆ.

ಇನ್ನು ಮನೆಯೊಳಗೆ ಬರೋಣ. ಚಳಿಗಾಲದಲ್ಲಿ ಮನೆಯ ಅತಿ ಅಪಾಯದ ಜಾಗ ಅಡುಗೆಮನೆ ಎಂದು ತಿಳಿದವರೇ ಹೆಚ್ಚು. ನನ್ನ ಪ್ರಕಾರ ಅದು ಬಚ್ಚಲು. ಚಿಕ್ಕ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಕೂಡಿಸಿ, ಚಳಿ ಬರಬಾರದೆಂದು ಗವಾಕ್ಷಿಗೆ ರಟ್ಟು ಒತ್ತಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗ ಆ ಜ್ವಾಲೆ ಒಳಗಿನ ಆಮ್ಲಜನಕವನ್ನು ತಿನ್ನುತ್ತ ಹೋಗುತ್ತದೆ. ಆಮ್ಲಜನಕ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ಕಂಪನಿಯವರು ವಾಸನೆ ಬೆರೆಸಿರುತ್ತಾರೆ. ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ಕಾಲು ಸೋಲುವುದು. ಅಪಾಯ ಎಂದು ಹೊಳೆಯುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಹೀಗೆ ಸತ್ತವರ ಸುದ್ದಿ ಕರ್ನಾಟಕದಲ್ಲಿ ಚಳಿಗಾಲ ಬಂದಾಗೆಲ್ಲ ಬರುತ್ತದೆ. ಕೆಡುವುದು ತಲೆಯೇ ಆದ್ದರಿಂದ ಇಲ್ಲಿ ಜಾಗ್ರತೆಗೆ ಕೆಲಸವೇ ಇಲ್ಲ. ಗೀಸರ್ ಬಚ್ಚಲಿನ ಹೊರಗೋಡೆಯ ಮೇಲಿರಬೇಕು, ಒಳಗೆ ಬರುವುದು ಬಿಸಿನೀರಿನ ಕೊಳವೆ ಮಾತ್ರ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವ ಪದ್ಧತಿಗೂ ಇದೇ ಮಾತು. ಹೊಗೆ ಇಲ್ಲದ ಕೆಂಡ ನಿರಪಾಯ ಎಂದು ಕಾಣುತ್ತದೆ, ಆದರೆ ಆ ವಿಷಾನಿಲ ಹೆಚ್ಚು ಬರುವುದು ನಿಗಿನಿಗಿ ಕೆಂಡದಿಂದಲೇ.

ನಮ್ಮ ಅಜ್ಜಿಯರು ಕೆಂಡ ಇಟ್ಟುಕೊಂಡೇ ಹತ್ತು ಹೆತ್ತರು, ಅವರಿಗೇನೂ ಆಗಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅವರ ಮನೆಗೆ ಹೆಂಚಿನ ಸಂದುಗಳಿದ್ದವು, ಮಾಡಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಜಾಗವಿತ್ತು. ಬಚ್ಚಲ ಒಲೆಯ ಬಾಯಿ ಹೊರಗಡೆಗಿತ್ತು. ಮನೆಯ ಕಟ್ಟಡವೇ ಅವರ ಏರ್ಪಾಡಾಗಿತ್ತು. ಆ ಹೊಗೆ ಎಷ್ಟು ಹೆಂಗಸರ ಕಣ್ಣು, ಶ್ವಾಸಕೋಶ ಹಾಳುಮಾಡಿತು ಎಂಬುದು ಬೇರೆ ಲೆಕ್ಕ, ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನೇನೂ ಹೇಳುತ್ತಿಲ್ಲ. ನಾವು ಕಟ್ಟಡವನ್ನು ಆರ್‌ಸಿಸಿಗೆ ಬದಲಾಯಿಸಿ, ಕಿಟಕಿಗೆ ಜಾರುವ ಗಾಜು ಹಾಕಿ, ಅಭ್ಯಾಸವನ್ನು ಮಾತ್ರ ಹೆಂಚಿನ ಮನೆಯದ್ದನ್ನೇ ಇಟ್ಟುಕೊಂಡೆವು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರಿನ ಕಥೆಯೂ ಅಷ್ಟೆ: ಸ್ವಿಚ್ ಆರಿಸಿ ನೀರು ಮುಟ್ಟಿ ಎಂದು ಸಾವಿರ ಸಲ ಹೇಳುವ ಬದಲು, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿಯನ್ನು ಮೀಟರಿನ ಪಕ್ಕ ಹಾಕಿಸಿದರೆ, ಮರೆತವರನ್ನೂ ಅದು ಕಾಯುತ್ತದೆ. ತೋಟದಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಮರ ಹತ್ತುವ ಅಪಾಯವಿಲ್ಲ, ಬಹಳ ಒಳ್ಳೆಯದು. ಆದರೆ ಅಲ್ಯೂಮಿನಿಯಮ್ಮಿನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ. ಲೋಹವಲ್ಲ ಎಂಬ ಧೈರ್ಯದಲ್ಲಿ ತಂತಿಯ ಅಡಿ ಅದನ್ನು ಎತ್ತುವವರಿದ್ದಾರೆ. ತಂತಿ ಹಾದ ತೋಟದಲ್ಲಿ ಕೊನೆ ಇಳಿಸುವ ದಿನ ಮೆಸ್ಕಾಂನವರಿಗೆ ಮೊದಲೇ ತಿಳಿಸಿ ಲೈನ್ ತೆಗೆಸಿಕೊಳ್ಳದೆ ಬೇರೆ ದಾರಿಯಿಲ್ಲ.

ಏರ್ಪಾಡು ಮತ್ತು ಎಚ್ಚರಿಕೆಯ ಈ ವ್ಯತ್ಯಾಸವನ್ನು ನಮ್ಮ ಸೀಮೆಗೇ ಕಲಿಸಿದ ದೊಡ್ಡ ಪಾಠವೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಹಳದಿ ಜ್ವರವಿರಬಹುದೇ ಎಂದು ಅಂಜಿದರು. ಕೊನೆಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಇವತ್ತಿಗೂ ಅದಕ್ಕೆ ಕ್ಯಾಸನೂರಿನದೇ ಹೆಸರು, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಇದು ಚಳಿಗಾಲದಲ್ಲಿ ಶುರುವಾಗುವುದಕ್ಕೆ ಕಾರಣವಿದೆ. ಮಳೆ ಮುಗಿದ ಮೇಲೆ ಮೊಟ್ಟೆಯೊಡೆದ ಉಣುಗು ನವೆಂಬರ್ ಹೊತ್ತಿಗೆ ಎಳ್ಳುಕಾಳಿನಷ್ಟು ಬೆಳೆದು, ತರಗೆಲೆಯಲ್ಲಿ ಕುಳಿತು ರಕ್ತಕ್ಕೆ ಕಾಯುತ್ತದೆ. ನಾವು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ರಜೆಗೆ ಬಂದ ನೆಂಟರು ಕಾಡು ನೋಡುತ್ತೇವೆ ಎಂದು ಎಲೆಯ ಮೇಲೆ ಕೂರುವುದೂ ಆಗಲೇ. ಕಾಯಿಲೆ ಡಿಸೆಂಬರಿನಿಂದ ಮೇ ತನಕ ಕಾಡುತ್ತದೆ, ಬಂದ ನೂರು ಜನರಲ್ಲಿ ಮೂರರಿಂದ ಐದು ಜನರನ್ನು ಕೊಲ್ಲುತ್ತದೆ, ನಿರ್ದಿಷ್ಟ ಔಷಧಿಯಿಲ್ಲ. 1990ರಿಂದ ಲಸಿಕೆ ಕೊಡಲಾಯಿತು. ಬೂಸ್ಟರ್ ಸಮೇತ ಪೂರ್ತಿ ತೆಗೆದುಕೊಂಡವರಿಗೆ ಒಳ್ಳೆಯ ರಕ್ಷಣೆಯಿತ್ತು, ಆದರೆ ಚುಚ್ಚಿದ ಜಾಗದ ನೋವಿಗೆ ಹೆದರಿ ಎರಡನೆಯ ಸಲ ಬಾರದವರೇ ಬಹಳ. 2018–19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಹಲವರು ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಹಳೆಯ ಲಸಿಕೆಯ ಸತ್ವ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ.

ಲಸಿಕೆಯಿಲ್ಲದ ಈ ನಡುಗಾಲದಲ್ಲಿ ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ. ಹೋಗದೆ ಕೊಟ್ಟಿಗೆಗೆ ಏನು ಹಾಸಲಿ, ಒಲೆಗೆ ಏನು ಹಾಕಲಿ ಎಂಬ ಪ್ರಶ್ನೆಗೆ ಆ ಉಪದೇಶದಲ್ಲಿ ಉತ್ತರವಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ಉತ್ತರವಿರುವ ಏರ್ಪಾಡು ಬೇರೆಯೇ. ಹೊಸ ದರಗಿನ ಬದಲು ಈ ಕೆಲವು ತಿಂಗಳು ಹುಲ್ಲನ್ನೋ ಅಡಿಕೆ ಸಿಪ್ಪೆಯನ್ನೋ ಹಾಸುವುದು, ವರ್ಷದ ದರಗನ್ನು ನವೆಂಬರಿಗೆ ಮೊದಲೇ ತಂದು ಮುಗಿಸುವುದು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಕೊಡುವ ಡೀಪಾ ಎಣ್ಣೆ ಕಪಾಟಿನಲ್ಲಿದ್ದರೆ ಮರೆತೇಹೋಗುತ್ತದೆ. ಕತ್ತಿ ಸಿಕ್ಕಿಸುವ ಜಾಗದಲ್ಲಿದ್ದರೆ ಕತ್ತಿ ತೆಗೆಯುವಾಗ ಕೈಗೆ ಬರುತ್ತದೆ. ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆ ಕುದಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಅದೇ ದಿನ ಹೇಳುವುದು. ರಜೆ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಜ್ವರ ಬಂದರೆ ಅಲ್ಲಿನ ಡಾಕ್ಟರಿಗೆ ಸೊರಬದ ಕಾಡಿಗೆ ಹೋಗಿದ್ದೆ ಎಂದು ಹೇಳಬೇಕು; ಹೇಳದೆ ಅವರಿಗೆ ಹೊಳೆಯುವ ಕಾಯಿಲೆಯಲ್ಲ ಇದು.

ಹೋರಿ ಹಬ್ಬದ ಮಾತೆತ್ತಿದರೆ ಸಿಟ್ಟಾಗುವವರಿದ್ದಾರೆಂದು ಗೊತ್ತು. ಬಲೂನು ಕಟ್ಟಿ, ಕೊಬ್ಬರಿ ಹಾರ ಹಾಕಿ, ಹೆಸರು ಕೂಗಿ ಬಿಡುವ ಆ ಹೋರಿಯಲ್ಲಿ ಊರಿನ ಮರ್ಯಾದೆ ಇದೆ, ಒಪ್ಪುತ್ತೇನೆ. ಕಾನೂನೂ ಇಂಥ ಜನಪದ ಆಟಗಳಿಗೆ ಪೂರ್ತಿ ವಿರೋಧವಾಗಿಲ್ಲ: ಕಂಬಳ, ಎತ್ತಿನ ಓಟಗಳಿಗಾಗಿ ಕರ್ನಾಟಕ 2017ರಲ್ಲಿ ಮಾಡಿಕೊಂಡ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಅಪಾಯವಿಲ್ಲದಿದ್ದರೆ ಅದೆಂಥ ಆಟ ಎಂದು ಕೇಳುತ್ತಾರೆ. ಕೊಬ್ಬರಿ ಹರಿಯಲು ಮುನ್ನುಗ್ಗುವ ಹುಡುಗನ ಮಟ್ಟಿಗೆ ಆ ಮಾತು ಸರಿ, ಅವನು ಆರಿಸಿಕೊಂಡ ಅಪಾಯ ಅದು. ಜಗಲಿಯ ಮೇಲೆ ಕುಳಿತ ಮುದುಕ, ಹೆಗಲ ಮೇಲಿನ ಮಗು, ನೋಡಲು ಬಂದ ನೆಂಟ ಅದನ್ನು ಆರಿಸಿಕೊಂಡಿಲ್ಲ. ಈ ಎರಡೂ ತಾಲ್ಲೂಕುಗಳಲ್ಲಿ ನೋಡಲು ಹೋದವರೂ ಹೋರಿ ಗುದ್ದಿ ಸತ್ತಿದ್ದಾರೆ. ಸ್ಪೇನಿನ ಪಾಂಪ್ಲೋನಾದಲ್ಲಿ ಗೂಳಿಗಳನ್ನು ಬೀದಿಯಲ್ಲೇ ಓಡಿಸುತ್ತಾರೆ, ಜನ ಮುಂದೆ ಓಡುತ್ತಾರೆ. ಅಲ್ಲಿ ದಾರಿಗೆ ಎರಡು ಸಾಲು ಮರದ ಬೇಲಿ. ನಡುವಿನ ಓಣಿಯಲ್ಲಿ ವೈದ್ಯ ಸಿಬ್ಬಂದಿ, ನೋಡುವವರು ಎರಡನೆಯ ಬೇಲಿಯ ಆಚೆ. ಲೆಕ್ಕ ಇಟ್ಟ 1910ರಿಂದ ಈಚೆಗೆ ಅಲ್ಲಿ ಸತ್ತವರು 16 ಜನ. ಅವರ ಗೂಳಿ ನಮ್ಮ ಹೋರಿಗಿಂತ ಸಾಧುವೇನಲ್ಲ. ಲಕ್ಷಾಂತರ ರೂಪಾಯಿಯ ಹೋರಿ ಸಾಕುವ ಊರು, ಬಹುಮಾನಕ್ಕೆ ಬೈಕು ಇಡುವ ಸಮಿತಿ, ಅಡಿಕೆ ದಬ್ಬೆಯ ಎರಡು ಸಾಲು ಬೇಲಿಗೆ ದುಡ್ಡಿಲ್ಲ ಎಂದರೆ ನಂಬುವುದು ಕಷ್ಟ.

ಮಕ್ಕಳ ಪ್ರವಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಸಮುದ್ರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ನಮ್ಮ ಶಾಲೆಗಳ ಬಸ್ಸುಗಳೂ ಜೋಗ ನೋಡಿಕೊಂಡು ಹೋಗುವುದು ಅದೇ ಕಡಲಿಗೆ. ಮೊದಲ ಸಲ ಕಡಲು ಕಂಡ ಮಗು ನೀರಿಗೆ ಇಳಿಯುತ್ತದೆ, ಮೇಷ್ಟರು ಕೂಗಿದರೂ ಅಲೆಯ ಸದ್ದಿನಲ್ಲಿ ಕೇಳುವುದಿಲ್ಲ. ಪ್ರವಾಸದ ಪಟ್ಟಿಯನ್ನು ಬರೆಯುವಾಗಲೇ ಕಡಲಿನ ಭೇಟಿಯನ್ನು ಜೀವರಕ್ಷಕರಿರುವ ಜಾಗಕ್ಕೆ, ಅವರಿರುವ ಹೊತ್ತಿಗೆ ಕಟ್ಟುವುದು ಬಿಟ್ಟು ಉಳಿದದ್ದೆಲ್ಲ ತಡವಾದ ಮಾತು.

ಕೊನೆಗೊಂದು ಆಕ್ಷೇಪಣೆ ಉಳಿಯುತ್ತದೆ, ಅದು ಗಟ್ಟಿಯಾದದ್ದು. ಎಲ್ಲವನ್ನೂ ಏರ್ಪಾಡಿನ ಮೇಲೆ ಹೊರಿಸಿದರೆ ಮನುಷ್ಯನ ಜವಾಬ್ದಾರಿ ಎಲ್ಲಿ ಹೋಯಿತು, ಕುಡಿದು ಗಾಡಿ ಓಡಿಸುವವನನ್ನು ಯಾವ ಕಣ, ಯಾವ ಬೇಲಿ ತಡೆಯುತ್ತದೆ? ಪೂರ್ತಿ ತಡೆಯುವುದಿಲ್ಲ, ನಿಜ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ ಎಂದು ಕಾನೂನಿದೆ, ದಂಡವಿದೆ, ಜೈಲಿದೆ. ಆದರೆ ಕುಡಿದವನು ಬೈಕು ಹತ್ತುವುದು ಎಲ್ಲಿಂದಲೋ ಹೊರಟೇ. ಹೊಸ ವರ್ಷದ ಊಟ ಇಟ್ಟ ಮನೆಯಿಂದ, ಮದುವೆ ಮನೆಯಿಂದ, ಹೋರಿ ಗೆದ್ದ ಸಂಭ್ರಮದಿಂದ. ಬೀಗದ ಕೈ ಇಸಿದುಕೊಂಡು ಒಂದು ಚಾಪೆ ಹಾಸಿಕೊಡುವುದು ಆ ಮನೆಯವರ ಕೈಯಲ್ಲಿದೆ. ನಾನು ಹೇಳುವ ಏರ್ಪಾಡು ಸರ್ಕಾರದ್ದು ಮಾತ್ರವಲ್ಲ. ಒಬ್ಬನ ತಲೆ ಕೆಟ್ಟ ಗಳಿಗೆಯಲ್ಲಿ ಕೆಡದ ಇನ್ನೊಂದು ತಲೆ ಪಕ್ಕದಲ್ಲಿರುವುದೂ ಏರ್ಪಾಡೇ. ಇದು ನಮಗೆ ಹೆಚ್ಚು ಬೇಕಾಗಿರುವುದಕ್ಕೆ ಕಾರಣ ದೂರ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 50 ಕಿಲೋಮೀಟರಿನ ಆಸುಪಾಸು, ಆನವಟ್ಟಿ ಚಂದ್ರಗುತ್ತಿಯ ಕಡೆಯಿಂದ ಅದರ ದುಪ್ಪಟ್ಟಿನ ಹತ್ತಿರ. ತಲೆಗೆ ಪೆಟ್ಟು ಬಿದ್ದವನಿಗೆ 108 ಬಂದು, ತಾಲ್ಲೂಕು ಆಸ್ಪತ್ರೆ ದಾಟಿ, ಅಲ್ಲಿಗೆ ಸೇರುವಷ್ಟರಲ್ಲಿ ಬೆಲೆಯುಳ್ಳ ಹೊತ್ತು ಕಳೆದಿರುತ್ತದೆ. ಗಾಯಾಳುವನ್ನು ಎತ್ತಿ ತಂದವರನ್ನು ಸಾಕ್ಷಿ ಹೇಳೆಂದು ಪೀಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಭರವಸೆ ಕೊಟ್ಟಿದೆ; ಆ ಭಯಕ್ಕೆ ಗಾಡಿ ನಿಲ್ಲಿಸದೆ ಹೋಗುವ ಅಗತ್ಯ ಈಗಿಲ್ಲ. ಉಳಿದ ಕೆಲಸಕ್ಕೆ ದುಡ್ಡಿಗಿಂತ ದಿನಾಂಕ ಮುಖ್ಯ. ಕಣ ಯಾರಿಗೆ ಯಾವ ದಿನ, ಹೋರಿ ಬಿಡುವ ಬೀದಿಗೆ ಬೇಲಿ ಎಷ್ಟು ಉದ್ದ, ಡೀಪಾ ಎಣ್ಣೆ ಯಾವ ಮನೆಗೆ ತಲುಪಿಲ್ಲ ಎಂಬುದನ್ನು ಗ್ರಾಮಸಭೆ ದೀಪಾವಳಿಗೆ ಮೊದಲು ಮಾತಾಡಿದರೆ ಉಪಯೋಗವಿದೆ. ಜನವರಿಯಲ್ಲಿ ಸಭೆ ಕರೆದರೆ ಜೋಳ ಆಗಲೇ ರಸ್ತೆಯ ಮೇಲಿರುತ್ತದೆ.